ಐಸ್‌ಲೆಂಡಿನ ವಂಶಾವಳಿ ಹೇಳುವ ಕತೆ

ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರದ ಕಡೆ ಕೆರೆಯ ಏರಿಯ ಮೇಲೊ ಗುಡಿಯ ಮಗ್ಗುಲಲ್ಲೊ ವೀರಗಲ್ಲು ಕಣ್ಣಿಗೆ ಬೀಳುವುದು ಅಪರೂಪವಲ್ಲ. ರೈಸ್ ಸಾಹೇಬರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನಸಂಪುಟವನ್ನು ತೆರೆದರೆ ಯಾರ ಮಗ ಯಾರು, ಯಾವ ಕಾಳಗದಲ್ಲಿ ಮಡಿದ ಎಂಬುದು ದೊರೆಯುತ್ತದೆ. ಕಾಳಗಕ್ಕೆ ಹೋಗದೆ, ಮೂವತ್ತರ ಹರೆಯದಲ್ಲಿ ಮೆದುಳಿನ ರಕ್ತನಾಳ ಒಡೆದು ಹಾಸಿಗೆಯಲ್ಲೇ ತೀರಿಕೊಂಡವನಿಗೆ ಕಲ್ಲು ನಿಲ್ಲಿಸುವ ವಾಡಿಕೆ ಇರಲಿಲ್ಲ. ಅಂಥವರ ಲೆಕ್ಕವೂ ಸಿಕ್ಕುವ ದೇಶವೊಂದುಂಟು, ಐಸ್‌ಲೆಂಡ್.

ವಂಶಾವಳಿಯ ವಿಷಯದಲ್ಲಿ ಆ ದ್ವೀಪದವರಿಗೆ ನಮ್ಮ ಹೆಲವರೇ ಸರಿಸಾಟಿ. 1935ರಲ್ಲಿ ಆರ್ನಿ ಆರ್ನಾಸನ್ ಎಂಬ ವೈದ್ಯರು, ಕೆಲವು ಮನೆತನಗಳಲ್ಲಿ ಪ್ರಾಯದವರೇ ಮೆದುಳಿನ ರಕ್ತಸ್ರಾವದಿಂದ ಸಾಯುತ್ತಾರೆ, ಇದು ವಂಶದಲ್ಲಿ ಇಳಿದು ಬರುವ ಬೇನೆ ಎಂದು ಬರೆದರು. ಕಾರಣ ತಿಳಿಯಲು ಅರ್ಧ ಶತಮಾನ ಹಿಡಿಯಿತು. ಸಿಸ್ಟಾಟಿನ್ ಸಿ ಎಂಬುದು ನಮ್ಮೆಲ್ಲರ ಮೈಯಲ್ಲೂ ಇರುವ ಪುಟ್ಟ ಪ್ರೋಟೀನು, 120 ಅಮೈನೊ ಆಮ್ಲಗಳ ಸರ. ಈ ಮನೆತನಗಳಲ್ಲಿ 68ನೆಯ ಮಣಿ ಬೇರೆ. ಲ್ಯೂಸೀನ್ ಇರಬೇಕಾದಲ್ಲಿ ಗ್ಲೂಟಮೀನ್ ಬಂದಿದೆ. ಹಸ್ತಪ್ರತಿಗಳೊಡನೆ ಹೆಣಗುವ ನಮ್ಮಂಥವರಿಗೆ ಒಂದಕ್ಷರದ ಪಾಠಾಂತರ ಹೊಸದೇನಲ್ಲ. ಅಲ್ಲಿ ಅರ್ಥ ಕೆಡುತ್ತದೆ, ಇಲ್ಲಿ ಪ್ರೋಟೀನಿನ ಮಡಿಕೆ ಕೆಡುತ್ತದೆ. ಮಡಿಕೆ ಕೆಟ್ಟವು ಒಂದಕ್ಕೊಂದು ಅಂಟಿ, ಅಮಿಲಾಯ್ಡ್ ಎಂಬ ಗಸಿಯಾಗಿ, ನಾಳದ ಗೋಡೆಯಲ್ಲಿ ಕೂತು ಅದನ್ನು ಸಡಿಲಗೊಳಿಸುತ್ತವೆ. ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ ಅಪಾಯ.

ಸೋಜಿಗದ ಸಂಗತಿ ಹೊರಬಿದ್ದದ್ದು 2008ರಲ್ಲಿ. ಪಾಲ್ಸ್‌ದೋತ್ತಿರ್ ಮತ್ತು ಸಂಗಡಿಗರು ಈ ವಂಶಗಳನ್ನು ಹಿಂದಕ್ಕೆ ಅರಸುತ್ತ ಹೋಗಿ, ಬೇನೆಯ ಮೂಲವನ್ನು ಸುಮಾರು 1550ರ ಕಾಲಕ್ಕೆ ಒಯ್ದು ಮುಟ್ಟಿಸಿದರು. ಆದರೆ 19ನೆಯ ಶತಮಾನದ ಮೊದಲಲ್ಲಿ ಹುಟ್ಟಿದವರು ಈ ದೋಷವನ್ನು ಹೊತ್ತೂ ಊರಿನ ಇತರರಷ್ಟೇ ಕಾಲ ಬಾಳಿದ್ದರು! 1900ರ ಹೊತ್ತಿಗೆ ಹುಟ್ಟಿದವರ ಆಯಸ್ಸು ಸುಮಾರು ಮೂವತ್ತಕ್ಕೆ ಇಳಿದಿತ್ತು. ಅವರ ಕೈಹಿಡಿದವರ ಆಯಸ್ಸು ಮಾತ್ರ ಅದೇ ಅವಧಿಯಲ್ಲಿ ಏರಿತ್ತು. ದೋಷ ಅದೇ, ಊಟ ಬೇರೆಯಾಗಿತ್ತು. ಒಣಮೀನು, ಬೆಣ್ಣೆ, ಹುಳಿನೀರಿನಲ್ಲಿ ಕಾಪಿಟ್ಟ ಮಾಂಸದ ಜಾಗಕ್ಕೆ ಹಡಗಿನಲ್ಲಿ ಧಾನ್ಯವೂ ಸಕ್ಕರೆಯೂ ಬಂದಿದ್ದವು. ಇದೇ ಕಾರಣವಿರಬಹುದೆಂಬುದು ಸಂಶೋಧಕರ ಊಹೆ, ಸಿದ್ಧವಾದ ಮಾತಲ್ಲ. ಹಣೆಬರಹವೆಂದು ಕೈಚೆಲ್ಲಿದ್ದ ಬೇನೆಯೂ ಬಾಳುವ ರೀತಿಗೆ ತಕ್ಕಂತೆ ಹಿಂದುಮುಂದಾಗುತ್ತದೆ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಫಕ್ಕೆ ಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಹಳೆಯ ಔಷಧವನ್ನು ಈ ರೋಗಿಗಳಿಗೆ ಕೊಟ್ಟಾಗ ಹೆಚ್ಚಿನವರ ಚರ್ಮದಲ್ಲಿ ಗಸಿ ಇಳಿಯಿತೆಂದು ತಿಳಿಸಿತು. ಪರೀಕ್ಷೆಗೆ ಸಿಕ್ಕುವುದು ಚರ್ಮ. ಒಡೆಯುವುದು ಮೆದುಳಿನ ನಾಳ.