ವಸಡು ಗಟ್ಟಿ ಮಾಡುವ ಲೆಕ್ಕ

ಬಳ್ಳಾರಿಯ ಗಾಂಧಿನಗರದ ನನ್ನ ಹಲ್ಲಿನ ದವಾಖಾನೆಗೆ ಸಿರುಗುಪ್ಪ, ಕುರುಗೋಡು ಕಡೆಯ ಹಿರಿಯರು ಬಂದರೆ ಕೇಳುವುದು ಒಂದೇ: "ವಸಡು ಗಟ್ಟಿ ಆಗೋಕೆ ಏನಾರ ಕೊಡ್ರಿ ಸಾರ್."

ಈ ಬೇಡಿಕೆ ಹಳೆಯದು. ನಮ್ಮ ಸೀಮೆಯಲ್ಲಿ ಬೇವಿನ ಕಡ್ಡಿ, ಕರಿಜಾಲಿ ಕಡ್ಡಿ ಜಗಿಯುತ್ತಿದ್ದರು. ಉಪ್ಪು, ಇದ್ದಿಲು, ಕುಳ್ಳಿನ ಬೂದಿ, ಏನೂ ಇಲ್ಲದಿದ್ದರೆ ಇಟ್ಟಂಗಿ ಪುಡಿ. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದರು; ಅಲ್ಲಿಯ ಗುಲಾಬಿ ಬಣ್ಣದ ಹಲ್ಲುಪುಡಿ ನಾಡಿಗೆಲ್ಲ ಪರಿಚಯವಾಯಿತು. ಪುಡಿ ಬದಲಾಯಿತು, ತಿಕ್ಕುವ ಬೆರಳು ಬದಲಾಗಲಿಲ್ಲ. ಗುದ್ದಲಿ ಹಿಡಿದವನ ಅಂಗೈಯಂತೆ ವಸಡೂ ತಿಕ್ಕಿದಷ್ಟು ಬಲಿಯುತ್ತದೆ ಎಂಬ ಲೆಕ್ಕ. ಹೊರಮೈಗೆ ಅದು ಪೂರ್ತಿ ಸುಳ್ಳೇನಲ್ಲ. ಆದರೆ ವಸಡು ಹಲ್ಲನ್ನು ಹಿಡಿದಿರುವುದು ಬೆರಳು ಮುಟ್ಟದ ಒಳಗಡೆ.

ಆ ಹಿಡಿತದ ಬಗ್ಗೆ ವಿಜ್ಞಾನಿಗಳಲ್ಲೇ ಜಗಳವಿತ್ತು. ವಸಡಿನ ಒಳಚರ್ಮ ಎನಾಮಲ್‌ಗೆ ಅಂಟಿಕೊಂಡೇ ಇದೆ ಎಂದು 1921ರಲ್ಲಿ ವಿಯೆನ್ನಾದ ಗಾಟ್ಲೀಬ್ ಹೇಳಿದರು. 1952ರಲ್ಲಿ, ಬಳ್ಳಾರಿ ಇನ್ನೂ ಮದ್ರಾಸ್ ರಾಜ್ಯದಲ್ಲಿದ್ದಾಗ, ನಾರ್ವೆಯ ವೇರ್‌ಹಾಗ್ ತೆಳು ಉಕ್ಕಿನ ಪಟ್ಟಿಗಳನ್ನು ಹಲ್ಲು-ವಸಡಿನ ನಡುವೆ ತೂರಿಸಿ, ಅಂಟೂ ಇಲ್ಲ ಗಿಂಟೂ ಇಲ್ಲ, ಬರೀ ಒತ್ತಿಕೊಂಡಿದೆ ಎಂದರು. ತೂರಿಸುವಾಗಲೇ ಅಂಟು ಹರಿದಿರಬಹುದಲ್ಲ! ತೀರ್ಪು ಕೊಟ್ಟದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. 1971ರಲ್ಲಿ ಶ್ರೋಡರ್, ಲಿಸ್ಟ್‌ಗಾರ್ಟನ್ ಸೇರಿ ಚಿತ್ರಸಮೇತ ವಿವರಿಸಿದರು: ಅಂಟು ಇದ್ದೇ ಇದೆ; ನಡುವೆ ತೆಳುವಾದ ತಳಪೊರೆ, ಅದಕ್ಕೆ ಕೋಶಗಳ ಕೊಂಡಿಗಳು.

ಪೊರೆಯ ಸಾಮಾನು ಆಮೇಲೆ ತಿಳಿಯಿತು. 1979ರಲ್ಲಿ ಟಿಂಪ್ಲ್ ಮತ್ತು ಜೊತೆಗಾರರು ಇಲಿಯ ಗೆಡ್ಡೆಯಿಂದ ಲ್ಯಾಮಿನಿನ್ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಹಲ್ಲಿನ ಕಡೆಯ ಪೊರೆಯಲ್ಲಿ ಮುಖ್ಯವಾದದ್ದು ಅದರದೇ ಒಂದು ಬಗೆ, ಲ್ಯಾಮಿನಿನ್-332. ಬೇರೆಡೆ ತಳಪೊರೆಗೆ ಹಂದರವಾಗುವ ನಾಲ್ಕನೇ ಬಗೆಯ ಕೊಲಾಜನ್ ಇಲ್ಲಿಲ್ಲ. ಹಲ್ಲು ಮೂಡುವಾಗ, ಎನಾಮಲ್ ಕಟ್ಟಿ ಮುಗಿಸಿದ ಕೋಶಗಳು ಬಾಯಿಯ ಚರ್ಮದ ಜೊತೆ ಕೂಡಿ ಹಲ್ಲಿನ ಸುತ್ತ ವಸಡಿನ ಕೊರಳಪಟ್ಟಿಯಾಗಿ ಈ ಪೊರೆಯನ್ನು ಹಾಸುತ್ತವೆ. ಲ್ಯಾಮಿನಿನ್-332ರ ಜೀನ್ ಕೆಟ್ಟು ಹುಟ್ಟಿದ ಮಕ್ಕಳಿಗೆ ಚರ್ಮದಲ್ಲೂ ಬಾಯಲ್ಲೂ ಬೊಕ್ಕೆ ಏಳುತ್ತವೆ, ಎನಾಮಲ್ ಕೂಡ ಸರಿಯಾಗಿ ಕೂಡಿಬರುವುದಿಲ್ಲ.

ಇಟ್ಟಂಗಿ ಪುಡಿಯಿಂದ ಬುಡ ಸವೆದ ಹಲ್ಲು ಈಗಲೂ ನೋಡುತ್ತೇನೆ. ಪಾಚಿ ತೆಗೆಸ್ರಿ, ತಿಕ್ಕೋದು ಕಮ್ಮಿ ಮಾಡ್ರಿ ಅಂದರೆ ಅಜ್ಜಂದಿರಿಗೆ ಸಮಾಧಾನವಿಲ್ಲ. ಆದರೂ ಹಲ್ಲಿನ ಮೈ ಚೊಕ್ಕಟವಾದರೆ ಕೊರಳಪಟ್ಟಿಯ ಕೋಶಗಳು ಹೊಸ ಲ್ಯಾಮಿನಿನ್ ಹಾಸಿಕೊಂಡು ಕೆಲವೇ ದಿನಗಳಲ್ಲಿ ಮತ್ತೆ ಅಂಟತೊಡಗುತ್ತವೆ.