ಕಾಫಿ ಸಾಧನಗಳು: ಯಾವುದಕ್ಕೆ ಎಂತಹ ಪುಡಿ?

ಮೈಸೂರು–ಮಡಿಕೇರಿ ಹೆದ್ದಾರಿಯಲ್ಲಿರುವ ಹುಣಸೂರು, ಕೊಡಗಿನ ಕಾಫಿಯನ್ನು ಸಂಸ್ಕರಿಸುವ ಕೇಂದ್ರವಾಗಿ 19ನೇ ಶತಮಾನದಲ್ಲಿಯೇ ಹೆಸರಾಗಿತ್ತು. ಹೊಗೆಸೊಪ್ಪು, ಭತ್ತ ಬೆಳೆಯುವ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಿಗೆ ಕಾಫಿ ಸೀಮೆ ದೂರವಿಲ್ಲ. ಆದರೆ ಒಳ್ಳೆಯ ಪುಡಿ ತಂದ ಮಾತ್ರಕ್ಕೆ ಒಳ್ಳೆಯ ಕಾಫಿ ಆಗುವುದಿಲ್ಲ. ಪುಡಿಯ ನುಣುಪು ಸಾಧನಕ್ಕೆ ಹೊಂದದಿದ್ದರೆ ದುಬಾರಿ ಪುಡಿಯೂ ವ್ಯರ್ಥವೇ.

ಕುದಿಸುವ ಪದ್ಧತಿ: ಅತ್ಯಂತ ಸರಳವಾದುದು. ನೀರಿಗೆ ಪುಡಿ, ಬೆಲ್ಲ ಹಾಕಿ ಕುದಿಸಿ, ಬಟ್ಟೆ ಅಥವಾ ಜಾಲರಿಯಲ್ಲಿ ಸೋಸುತ್ತಾರೆ. ಹೆಚ್ಚು ಹೊತ್ತು ಕುದಿಸಿದಷ್ಟೂ ಕಹಿ ಹೆಚ್ಚುತ್ತದೆ.

ಫಿಲ್ಟರ್: ಒಂದರ ಮೇಲೊಂದು ಕೂರುವ ಹಿತ್ತಾಳೆ ಅಥವಾ ಸ್ಟೀಲಿನ ಎರಡು ಪಾತ್ರೆಗಳು. ಮೇಲಿನದರ ತಳದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಪುಡಿಯನ್ನು ಹದವಾಗಿ ಒತ್ತಿ, ಬಿಸಿ ನೀರು ಸುರಿದರೆ ಡಿಕಾಕ್ಷನ್ ಹನಿಹನಿಯಾಗಿ ಇಳಿಯುತ್ತದೆ. ಕರೆಂಟು ಬೇಕಿಲ್ಲ, ಕಾಲು ಗಂಟೆಯ ತಾಳ್ಮೆ ಬೇಕು. ಪುಡಿ ತೀರಾ ನುಣುಪಾದರೆ ರಂಧ್ರ ಕಟ್ಟುತ್ತದೆ, ತರಿಯಾದರೆ ಡಿಕಾಕ್ಷನ್ ನೀರಾಗುತ್ತದೆ. ಚಿಕೋರಿ ನೀರನ್ನು ಹಿಡಿದಿಟ್ಟು ಡಿಕಾಕ್ಷನ್‌ಗೆ ಕಪ್ಪು ಬಣ್ಣ, ಗಟ್ಟಿತನ ಕೊಡುತ್ತದೆ.

ಫ್ರೆಂಚ್ ಪ್ರೆಸ್: ಗಾಜಿನ ಪಾತ್ರೆಯಲ್ಲಿ ಪುಡಿಯನ್ನು ಸುಮಾರು 4 ನಿಮಿಷ ನೆನೆಸಿ, ಜಾಲರಿಯಿಂದ ಚರಟವನ್ನು ಕೆಳಕ್ಕೆ ಒತ್ತುವ ಸಾಧನ. ರವೆಯಂತಹ ತರಿ ಪುಡಿ ಬೇಕು.

ಮೋಕಾ ಪಾತ್ರೆ: 1933ರಲ್ಲಿ ಇಟಲಿಯಲ್ಲಿ ರೂಪುಗೊಂಡಿತು. ಒಲೆಯ ಮೇಲಿಟ್ಟಾಗ ಕೆಳಗಿನ ಹಬೆಯ ಒತ್ತಡವು ನೀರನ್ನು ಪುಡಿಯ ಮೂಲಕ ಮೇಲಕ್ಕೇರಿಸುತ್ತದೆ. ಫಿಲ್ಟರ್ ಪುಡಿಯನ್ನು ಹೋಲುವ ಪುಡಿ ಸಾಕು, ಒತ್ತಿ ತುಂಬಬಾರದು.

ಎಸ್‌ಪ್ರೆಸೊ ಯಂತ್ರ: ವಾತಾವರಣದ ಒತ್ತಡದ ಸುಮಾರು 9 ಪಟ್ಟು ಒತ್ತಡದಲ್ಲಿ, ಅರ್ಧ ನಿಮಿಷದೊಳಗೆ ಸಾರವನ್ನು ತೆಗೆಯುತ್ತದೆ. ಬಹಳ ನುಣುಪಾದ ಪುಡಿ ಬೇಕು; ಚಿಕೋರಿ ಬೆರೆತ ಪುಡಿ ಇದಕ್ಕೆ ಹೊಂದದು.

ಕಾಗದದ ಶೋಧಕ: 1908ರಲ್ಲಿ ಜರ್ಮನಿಯ ಮೆಲಿಟಾ ಬೆಂಟ್ಜ್ ಎಂಬ ಗೃಹಿಣಿ ಒತ್ತುಕಾಗದ ಬಳಸಿ ಕಂಡುಕೊಂಡ ವಿಧಾನ. ಮಧ್ಯಮ ತರಿಯ ಪುಡಿ ಸೂಕ್ತ. ಕೊಲೆಸ್ಟರಾಲ್ ಏರಿಸುವ ಕಾಫಿಯ ಎಣ್ಣೆಯಂಶವನ್ನು ಕಾಗದ ಬಹುಮಟ್ಟಿಗೆ ತಡೆಯುತ್ತದೆ. ಕುದಿಸಿದ ಕಾಫಿ ಮತ್ತು ಪ್ರೆಸ್ ಕಾಫಿಯಲ್ಲಿ ಆ ಅಂಶ ಹೆಚ್ಚು. ಕೊಲೆಸ್ಟರಾಲ್ ಸಮಸ್ಯೆಯುಳ್ಳವರು, ದಿನಕ್ಕೆ ಹಲವು ಲೋಟ ಕುಡಿಯುವವರು ಇದನ್ನು ಗಮನಿಸುವುದು ಒಳಿತು.

ಕೊಳ್ಳುವಾಗ: ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಯಲ್ಲಿ ಮನೆಯ ಸಾಧನ ಯಾವುದೆಂದು ಮೊದಲೇ ತಿಳಿಸಬೇಕು. ಪೊಟ್ಟಣದ ಮೇಲಿನ ಚಿಕೋರಿಯ ಪ್ರಮಾಣವನ್ನೂ ಓದಬೇಕು. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕೆಂಬುದು ನಿಯಮ. ಅಂದರೆ ಕಾಸು ಕೊಟ್ಟು ತಂದ ಪುಡಿಯಲ್ಲಿ ಅರ್ಧದಷ್ಟು ಚಿಕೋರಿಯೇ ಇರಬಹುದು. ಪುಡಿಯ ಪರಿಮಳ ಬೇಗ ಹಾರುವುದರಿಂದ, ಒಂದೆರಡು ವಾರಕ್ಕೆ ಸಾಲುವಷ್ಟನ್ನೇ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಲೇಸು.