ಆಣೆಯಿಟ್ಟು ಪಡೆದ ಸೂತ್ರ

ಹದಿನಾರನೆಯ ಶತಮಾನದ ಇಟಲಿಯಲ್ಲಿ ಗಣಿತಜ್ಞನು ತಾನು ಕಂಡುಕೊಂಡದ್ದನ್ನು ಬಚ್ಚಿಟ್ಟುಕೊಳ್ಳುವುದೇ ರೂಢಿ. ಪಂಡಿತರು ಪರಸ್ಪರ ಲೆಕ್ಕಗಳನ್ನೊಡ್ಡಿ ಬಹಿರಂಗವಾಗಿ ಸ್ಪರ್ಧಿಸುತ್ತಿದ್ದರು. ಸೋತವನಿಗೆ ಮಾನದ ಜೊತೆಗೆ ಅನ್ನಕ್ಕೂ ಕುತ್ತು. ಆದ್ದರಿಂದಲೇ ಬೊಲೋನ್ಯದ ಪ್ರಾಧ್ಯಾಪಕ ಶಿಪಿಯೋನೆ ದೆಲ್ ಫೆರ್ರೊ ಒಂದು ಬಗೆಯ ಘನ ಸಮೀಕರಣವನ್ನು ಬಿಡಿಸುವ ದಾರಿ ಕಂಡರೂ ಅಚ್ಚು ಹಾಕಿಸಲಿಲ್ಲ. 1526ರಲ್ಲಿ ತೀರಿಕೊಳ್ಳುವ ಮುನ್ನ ಶಿಷ್ಯ ಫಿಯೋರನಿಗೆ ಹೇಳಿಕೊಟ್ಟಿದ್ದ.

ಆ ಒಂದೇ ಅಸ್ತ್ರವನ್ನು ಹಿಡಿದು ಫಿಯೋರ್ 1535ರಲ್ಲಿ ವೆನಿಸ್ಸಿನ ಗಣಿತದ ಉಪಾಧ್ಯಾಯ ನಿಕೊಲೊ ತಾರ್ತಾಲ್ಯನ ಮೇಲೆ ಸ್ಪರ್ಧೆಗಿಳಿದ. ತಾರ್ತಾಲ್ಯ ಎಂದರೆ ಉಗ್ಗುವವನು. 1512ರಲ್ಲಿ ಫ್ರೆಂಚ್ ಸೈನಿಕರು ಬ್ರೆಶಿಯಾ ನಗರವನ್ನು ಸೂರೆಗೊಂಡಾಗ ಮುಖಕ್ಕೆ ಕತ್ತಿಯೇಟು ಬಿದ್ದು ಬಾಲಕನ ಮಾತು ಕೆಟ್ಟಿತ್ತು. ಅಡ್ಡಹೆಸರನ್ನೇ ಅವನು ಹೆಸರಾಗಿ ಉಳಿಸಿಕೊಂಡ. ಫಿಯೋರ್ ಒಡ್ಡಿದ ಮೂವತ್ತು ಲೆಕ್ಕಗಳೂ ಒಂದೇ ಜಾತಿಯವು. ಫೆಬ್ರವರಿಯ ಒಂದು ರಾತ್ರಿ ತಾರ್ತಾಲ್ಯನಿಗೆ ಅವುಗಳ ಕೀಲಿ ಸಿಕ್ಕಿತು, ಫಿಯೋರ್ ಸೋತ.

ಆ ಕೀಲಿಯನ್ನು ಓದುಗರೂ ತಿರುಗಿಸಿ ನೋಡಬಹುದು. ಒಂದು ಸಂಖ್ಯೆಯ ಘನಕ್ಕೆ ಅದರ ಆರರಷ್ಟನ್ನು ಕೂಡಿದರೆ 20 ಆಗಬೇಕು, ಸಂಖ್ಯೆ ಯಾವುದು? ಅದನ್ನು ಬೇರೆ ಎರಡು ಸಂಖ್ಯೆಗಳ ವ್ಯತ್ಯಾಸವೆಂದು ಭಾವಿಸಿ. ಒಂದಿದ್ದಲ್ಲಿ ಎರಡನ್ನು ತಂದರೆ ತೊಡಕು ಹೆಚ್ಚಬೇಕಲ್ಲವೆ? ಹೆಚ್ಚುವುದಿಲ್ಲ, ಎರಡಿದ್ದರೆ ಅವುಗಳಿಗೆ ನಮ್ಮಿಷ್ಟದ ಒಂದು ನಿಯಮ ಹಾಕಬಹುದು. ಅವುಗಳ ಗುಣಲಬ್ಧ ಆರರ ಮೂರನೆಯ ಒಂದು ಪಾಲು, ಅಂದರೆ 2 ಆಗಿರಲಿ. ಆಗ ವ್ಯತ್ಯಾಸದ ಘನವನ್ನು ವಿಸ್ತರಿಸಿದಾಗ ಬರುವ ಋಣಪದವೂ ಪ್ರಶ್ನೆಯಲ್ಲಿನ ಆರರಷ್ಟೂ ಒಂದಕ್ಕೊಂದು ವಜಾ ಆಗುತ್ತವೆ. ಉಳಿಯುವುದಿಷ್ಟು: ಆ ಎರಡರ ಘನಗಳ ವ್ಯತ್ಯಾಸ 20, ಗುಣಲಬ್ಧ 8. ಇದು ಬರಿಯ ವರ್ಗ ಸಮೀಕರಣ. ಪ್ರೌಢಶಾಲೆಯ ಹುಡುಗನೂ ಬಿಡಿಸಿಯಾನು. 108ರ ವರ್ಗಮೂಲಕ್ಕೆ 10 ಕೂಡಿದರೆ ದೊಡ್ಡ ಘನ, 10 ಕಳೆದರೆ ಚಿಕ್ಕದು. ಎರಡರ ಘನಮೂಲ ತೆಗೆದು ಒಂದರಲ್ಲಿ ಇನ್ನೊಂದನ್ನು ಕಳೆದರೆ ಉತ್ತರ 2. ತಾಳೆ ನೋಡಿ: 8 ಮತ್ತು 12, ಇಪ್ಪತ್ತು.

ಮಿಲಾನಿನ ವೈದ್ಯ ಜೆರೊಲಾಮೊ ಕಾರ್ದಾನೊ ಈ ಗುಟ್ಟಿನ ಬೆನ್ನು ಹತ್ತಿದ. 1539ರಲ್ಲಿ ತಾರ್ತಾಲ್ಯ ಮಣಿದು, ಪ್ರಕಟಿಸಕೂಡದೆಂದು ಆಣೆ ಹಾಕಿಸಿ, ಪದ್ಯರೂಪದಲ್ಲಿ ಅದನ್ನು ತಿಳಿಸಿದ. (ಆಣೆಯ ಸಂಗತಿ ತಾರ್ತಾಲ್ಯನ ಬರಹದಿಂದ ಬಂದದ್ದೆಂಬುದನ್ನು ಮರೆಯಬಾರದು.) 1543ರಲ್ಲಿ ಕಾರ್ದಾನೊ ತನ್ನ ಶಿಷ್ಯ ಫೆರಾರಿಯೊಡನೆ ಬೊಲೋನ್ಯಕ್ಕೆ ಹೋದಾಗ ದೆಲ್ ಫೆರ್ರೊನ ಕಾಗದಪತ್ರಗಳು ಕಣ್ಣಿಗೆ ಬಿದ್ದವು. ಗುಟ್ಟಿನ ಮೊದಲ ಒಡೆಯ ಬೇರೊಬ್ಬ! ಇನ್ನು ಆಣೆಯ ಹಂಗೇಕೆ ಎನಿಸಿರಬೇಕು. 1545ರಲ್ಲಿ ನ್ಯೂರೆಂಬರ್ಗಿನಲ್ಲಿ ಅವನ ‘ಆರ್ಸ್ ಮಾಗ್ನಾ’ ಅಚ್ಚಾಯಿತು. ಮೇಲಿನ ಲೆಕ್ಕ ಅದರಲ್ಲಿನದೇ.

ಕಾರ್ದಾನೊನನ್ನು ಕಳ್ಳನೆನ್ನುವುದು ನ್ಯಾಯವಲ್ಲ. ದೆಲ್ ಫೆರ್ರೊ, ತಾರ್ತಾಲ್ಯ ಇಬ್ಬರ ಹೆಸರನ್ನೂ ಅವನು ಗ್ರಂಥದಲ್ಲಿ ಹೇಳಿದ್ದಾನೆ. ವರ್ಗಪದವಿರುವ ಸಮೀಕರಣವನ್ನು ಇನ್ನೊಂದು ಆದೇಶದಿಂದ ಸರಳಗೊಳಿಸಿ, ಬೇರೆ ಬೇರೆ ಬಗೆಗಳಿಗೆಲ್ಲ ಸಾಧನೆ ಕೊಟ್ಟಿದ್ದಾನೆ. ಆದರೂ ಕೊಟ್ಟ ಮಾತು ಮಾತೇ. ಇತ್ತ ತಾರ್ತಾಲ್ಯ ಹತ್ತು ವರ್ಷ ಕೈಯಲ್ಲಿಟ್ಟುಕೊಂಡೂ ತಾನಾಗಿ ಪ್ರಕಟಿಸಿರಲಿಲ್ಲ.

ಅವನ ಕೋಪ ಆರಲಿಲ್ಲ. 1548ರ ಆಗಸ್ಟಿನಲ್ಲಿ ಮಿಲಾನಿನಲ್ಲಿ ವಾದ ಏರ್ಪಟ್ಟಿತು. ಎದುರಿಗೆ ಬಂದವನು ಕಾರ್ದಾನೊ ಅಲ್ಲ, ಚತುರ್ಘಾತ ಸಮೀಕರಣವನ್ನೂ ಗೆದ್ದಿದ್ದ ತರುಣ ಫೆರಾರಿ. ವಾದ ಮುಗಿಯುವ ಮೊದಲೇ ತಾರ್ತಾಲ್ಯ ಊರು ಬಿಟ್ಟು ಹೊರಟುಹೋದ.